ಫ್ರೆಂಚೋ? ಸ್ಪ್ಯಾನಿಷೋ? ಅಕ್ಕ ಯಾವುದನ್ನು ಕಲಿಯಬೇಕು?



ಈ ಸಲದ ಗೋಡೆ ಪತ್ರಿಕೆಗೆ ನಾನು ಎರಡು ದೂರದ ಭಾಷೆಗಳ ಬಗ್ಗೆ ಬರೆಯುತ್ತಿದ್ದೇನೆ. ಒಂದು ಫ್ರೆಂಚ್, ಇನ್ನೊಂದು ಸ್ಪ್ಯಾನಿಷ್. "ನಮ್ಮೂರಿಗೂ ಅದಕ್ಕೂ ಏನು ಸಂಬಂಧ?" ಅಂತ ನೀವು ಕೇಳಬಹುದು. ಸಂಬಂಧ ಇದೆ, ಮುಂದೆ ಓದಿ.

ನನ್ನ ಅಕ್ಕ ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದಾಳೆ. ಪ್ರವಾಸೋದ್ಯಮ ಅವಳ ಒಂದು ವಿಷಯ. ಅವಳ ಕಾಲೇಜಿನಲ್ಲಿ ಕನ್ನಡ, ಇಂಗ್ಲಿಷ್ ಜೊತೆಗೆ ಸಂಜೆ ಹೊತ್ತು ಒಂದು ವರ್ಷದ ಸರ್ಟಿಫಿಕೇಟ್ ಕೋರ್ಸ್ ಇದೆ. ಅದರಲ್ಲಿ ಫ್ರೆಂಚ್ ಅಥವಾ ಸ್ಪ್ಯಾನಿಷ್ ಎರಡರಲ್ಲಿ ಒಂದನ್ನು ಮಾತ್ರ ತೆಗೆದುಕೊಳ್ಳಬೇಕು. ಎರಡಕ್ಕೂ ಫೀಸು ಒಂದೇ. ಆ ಫೀಸು ನಮ್ಮ ಮನೆಗೆ ನಾಲ್ಕು ಹಾಲಿನ ಬಟವಾಡೆ ದುಡ್ಡು. ಅದಕ್ಕೇ ಅಪ್ಪ "ಎರಡರಲ್ಲಿ ಯಾವುದು ಅಂತ ಯೋಚನೆ ಮಾಡಿ ಹೇಳು, ಆಮೇಲೆ ಬದಲಾಯಿಸೋಕೆ ಆಗಲ್ಲ" ಅಂದರು. ಹದಿನೈದು ದಿನ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೂ ಇದೇ ಮಾತು. ಅಕ್ಕನಿಂದ, ಸಮಾಜ ವಿಜ್ಞಾನದ ಮೇಷ್ಟ್ರಿಂದ, ಪುಸ್ತಕಗಳಿಂದ ನಾನು ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

1. ಇವು ಎಲ್ಲಿಯ ಭಾಷೆಗಳು?

ಫ್ರೆಂಚ್ ಫ್ರಾನ್ಸ್ ದೇಶದ ಭಾಷೆ, ಸ್ಪ್ಯಾನಿಷ್ ಸ್ಪೇನ್ ದೇಶದ ಭಾಷೆ. ಭೂಪಟದಲ್ಲಿ ನೋಡಿದರೆ ಈ ಎರಡು ದೇಶಗಳು ಅಕ್ಕಪಕ್ಕ ಇವೆ. ನಡುವೆ ಪಿರೆನೀಸ್ ಪರ್ವತ ಇದೆ.

ಆದರೆ ಈಗ ಈ ಭಾಷೆಗಳು ತಮ್ಮ ದೇಶದ ಒಳಗೆ ಮಾತ್ರ ಇಲ್ಲ. 1492ರಲ್ಲಿ ಕೊಲಂಬಸ್ ಸ್ಪೇನಿನ ರಾಣಿ ಮತ್ತು ರಾಜನ ಸಹಾಯದಿಂದ ಹಡಗಿನಲ್ಲಿ ಹೊರಟು ಅಮೆರಿಕಾ ಖಂಡದ ದ್ವೀಪಗಳನ್ನು ತಲುಪಿದ. ಆಮೇಲೆ ಸ್ಪೇನಿನವರು ಅಲ್ಲಿ ರಾಜ್ಯ ಕಟ್ಟಿದರು. ಹೀಗಾಗಿ ಮೆಕ್ಸಿಕೊ, ಕ್ಯೂಬಾ, ಕೊಲಂಬಿಯಾ, ಪೆರು, ಚಿಲಿ, ಅರ್ಜೆಂಟೀನಾ ಮುಂತಾದ ಕಡೆ ಇಂದಿಗೂ ಸ್ಪ್ಯಾನಿಷ್ ಮಾತಾಡುತ್ತಾರೆ. ಒಟ್ಟು ಸುಮಾರು 20 ದೇಶಗಳಲ್ಲಿ ಅದು ಆಡಳಿತ ಭಾಷೆ. ದಕ್ಷಿಣ ಅಮೆರಿಕಾದ ದೊಡ್ಡ ದೇಶವಾದ ಬ್ರೆಜಿಲ್ ಮಾತ್ರ ಬೇರೆ, ಅಲ್ಲಿ ಪೋರ್ಚುಗೀಸ್. ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲೂ 4 ಕೋಟಿಗೂ ಹೆಚ್ಚು ಜನ ಮನೆಯಲ್ಲಿ ಸ್ಪ್ಯಾನಿಷ್ ಆಡುತ್ತಾರೆ.

ಸ್ಪ್ಯಾನಿಷ್ ಅನ್ನು ತಾಯಿನುಡಿಯಾಗಿ ಆಡುವವರು ಸುಮಾರು 50 ಕೋಟಿ. 2011ರ ಜನಗಣತಿಯಲ್ಲಿ ನಮ್ಮ ಕರ್ನಾಟಕದ ಜನಸಂಖ್ಯೆ ಸುಮಾರು 6 ಕೋಟಿ 11 ಲಕ್ಷ ಇತ್ತು. ಅಂದರೆ ಎಂಟು ಕರ್ನಾಟಕದಷ್ಟು ಜನ ಅಂತ ಲೆಕ್ಕ ಹಾಕಿಕೊಳ್ಳಿ!

ಫ್ರೆಂಚ್ ಬಲ್ಲವರು 2022ರ ಲೆಕ್ಕದಂತೆ ಸುಮಾರು 32 ಕೋಟಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಫ್ರಿಕಾ ಖಂಡದಲ್ಲಿದ್ದಾರೆ. ಯಾಕೆ ಅಂದ್ರೆ ಆಫ್ರಿಕಾದ ಬಹಳ ದೇಶಗಳನ್ನು ಫ್ರೆಂಚರು ಆಳಿದ್ದರು. ಈಗ ಕೆಲವು ದೇಶಗಳು ಅದನ್ನು ಬಿಡುತ್ತಿವೆ. ಮಾಲಿ ದೇಶ 2023ರ ಹೊಸ ಸಂವಿಧಾನದಲ್ಲಿ ಫ್ರೆಂಚನ್ನು ಆಡಳಿತ ಭಾಷೆಯ ಸ್ಥಾನದಿಂದ ತೆಗೆದು ತಮ್ಮ ನಾಡಿನ ಭಾಷೆಗಳಿಗೆ ಆ ಸ್ಥಾನ ಕೊಟ್ಟಿತು. ಯುರೋಪಿನಲ್ಲಿ ಬೆಲ್ಜಿಯಂ, ಸ್ವಿಟ್ಜರ್‌ಲ್ಯಾಂಡ್‌ಗಳ ಒಂದು ಭಾಗದಲ್ಲಿ, ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಕೂಡ ಫ್ರೆಂಚ್ ಇದೆ.

ವಿಶ್ವಸಂಸ್ಥೆಗೆ ಆರು ಅಧಿಕೃತ ಭಾಷೆಗಳು: ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್, ರಷ್ಯನ್, ಚೀನೀ, ಅರಬ್ಬೀ. ಆ ಪಟ್ಟಿಯಲ್ಲಿ ನಮ್ಮ ಎರಡೂ ಭಾಷೆ ಸೇರಿವೆ.

2. ಇಬ್ಬರೂ ಅಕ್ಕತಂಗಿಯರು

ಕನ್ನಡ, ತಮಿಳು, ತೆಲುಗು, ತುಳು, ಮಲಯಾಳ ಇವು ಒಂದೇ ಕುಟುಂಬದ ಭಾಷೆಗಳು ಅಂತ ನಾವು ಓದಿದ್ದೇವೆ. ಹಾಗೆಯೇ ಫ್ರೆಂಚ್, ಸ್ಪ್ಯಾನಿಷ್, ಪೋರ್ಚುಗೀಸ್, ಇಟಾಲಿಯನ್ ಎಲ್ಲವೂ ಲ್ಯಾಟಿನ್ ಎಂಬ ಹಳೆಯ ಭಾಷೆಯ ಮಕ್ಕಳು. ಹಿಂದೆ ರೋಮ್ ಸಾಮ್ರಾಜ್ಯದವರು ಆಡುತ್ತಿದ್ದ ಭಾಷೆ ಅದು. ಅದಕ್ಕೇ ಪದಗಳು ಹೋಲುತ್ತವೆ.

ಚಂದ್ರ – ಫ್ರೆಂಚಿನಲ್ಲಿ ಲ್ಯೂನ್, ಸ್ಪ್ಯಾನಿಷಿನಲ್ಲಿ ಲೂನಾ
ಹೂವು – ಫ್ಲರ್, ಫ್ಲೋರ್
ಬ್ರೆಡ್ಡು – ಪ್ಯಾಂ, ಪಾನ್
ಹಾಲು – ಲೇ, ಲೇಚೆ

ಎಣಿಕೆಯಲ್ಲಿ ಇನ್ನೊಂದು ವಿಚಿತ್ರ ಇದೆ. ಏಳಕ್ಕೆ ಫ್ರೆಂಚರು ಸೆತ್ ಅಂತಾರೆ, ಸ್ಪೇನಿನವರು ಸಿಯೇತೆ ಅಂತಾರೆ. ಸಂಸ್ಕೃತದಲ್ಲಿ ಸಪ್ತ, ಹಿಂದಿಯಲ್ಲಿ ಸಾತ್! ಇದು ಆಕಸ್ಮಿಕ ಅಲ್ಲ. ಲ್ಯಾಟಿನ್ ಮತ್ತು ಸಂಸ್ಕೃತ ಎರಡೂ ಇಂಡೋ ಯುರೋಪಿಯನ್ ಎಂಬ ಒಂದೇ ದೊಡ್ಡ ಕುಟುಂಬಕ್ಕೆ ಸೇರಿವೆ. ನಮ್ಮ "ಏಳು" ದ್ರಾವಿಡ ಕುಟುಂಬದ್ದು, ಆದ್ದರಿಂದ ಬೇರೆ.

3. ಓದಲು ಯಾವುದು ಸುಲಭ?

ಇದರಲ್ಲಿ ಸ್ಪ್ಯಾನಿಷ್‌ಗೇ ಜಯ. ಅದು ಹೆಚ್ಚುಕಡಿಮೆ ಕನ್ನಡದ ಹಾಗೆ, ಬರೆದಂತೆ ಓದುವುದು. ಸ್ವರಗಳು ಐದೇ: ಅ, ಎ, ಇ, ಒ, ಉ. ಕೆಲವು ನಿಯಮ ನೆನಪಿಟ್ಟುಕೊಂಡರೆ ಸಾಕು. ಎಚ್ ಅಕ್ಷರಕ್ಕೆ ಶಬ್ದ ಇಲ್ಲ. ಜೆ ಅಕ್ಷರವನ್ನು ಗಂಟಲಿನಿಂದ ಹಕಾರದಂತೆ ಹೇಳಬೇಕು. ಪ್ರಶ್ನೆ ಇದ್ದರೆ ವಾಕ್ಯದ ಮೊದಲಿಗೂ ಒಂದು ತಲೆಕೆಳಗಾದ ಪ್ರಶ್ನೆ ಚಿಹ್ನೆ ಹಾಕುತ್ತಾರೆ. ಆಗ ಓದುವವನಿಗೆ ಮೊದಲೇ ಪ್ರಶ್ನೆ ಅಂತ ಗೊತ್ತಾಗುತ್ತದೆ.

ಫ್ರೆಂಚಿನಲ್ಲಿ ಬರೆಯುವುದು ಒಂದು, ಓದುವುದು ಒಂದು. ಪದದ ಕೊನೆಯ ಅಕ್ಷರಗಳನ್ನು ಬಹಳ ಸಲ ನುಂಗಿಬಿಡುತ್ತಾರೆ. ನಾವು ಪ್ಯಾರಿಸ್ ಅನ್ನುವ ಊರನ್ನು ಅವರು "ಪಾರಿ" ಅಂತಾರೆ. ನೀರು ಅನ್ನುವ ಪದಕ್ಕೆ ಇ, ಎ, ಯು ಎಂದು ಮೂರು ಅಕ್ಷರ ಬರೆದು "ಓ" ಅಂತ ಓದುತ್ತಾರೆ! ಸ್ಪ್ಯಾನಿಷಿನಲ್ಲಿ ನೀರಿಗೆ "ಆಗ್ವಾ". ಫ್ರೆಂಚಿನಲ್ಲಿ ಮೂಗಿನಿಂದ ಬರುವ ಸ್ವರಗಳೂ ಇವೆ, ಗಂಟಲಿನಿಂದ ಹೇಳುವ ರಕಾರವೂ ಇದೆ. ಅಕ್ಕ ಅಭ್ಯಾಸ ಮಾಡುವಾಗ ನಮ್ಮಜ್ಜಿ "ಗಂಟಲು ಕಟ್ಟಿದೆಯೇನವ್ವ, ಮೆಣಸಿನ ಕಷಾಯ ಮಾಡ್ಲಾ?" ಅಂದಳು.

ಫ್ರೆಂಚ್ ಎಣಿಕೆ ಇನ್ನೂ ತಮಾಷೆ. 70ಕ್ಕೆ "ಅರವತ್ತು ಹತ್ತು" ಅನ್ನಬೇಕು. 80ಕ್ಕೆ "ನಾಲ್ಕಿಪ್ಪತ್ತು". 99 ಅನ್ನಲು "ನಾಲ್ಕಿಪ್ಪತ್ತು ಹತ್ತೊಂಬತ್ತು". ನಮ್ಮಜ್ಜಿ ಕೂಡ ಅರವತ್ತಕ್ಕೆ ಮೂರಿಪ್ಪತ್ತು ಅಂತಲೇ ಎಣಿಸುತ್ತಾಳೆ, ಅವಳಿಗೆ ಇದು ಸುಲಭವಾಗಿ ಅರ್ಥವಾಯಿತು. ಬೆಲ್ಜಿಯಂ ದೇಶದ ಫ್ರೆಂಚರು ಮಾತ್ರ 70ಕ್ಕೂ 90ಕ್ಕೂ ನೇರವಾದ ಬೇರೆ ಪದ ಇಟ್ಟುಕೊಂಡಿದ್ದಾರೆ.

4. ಕನ್ನಡ ಬಲ್ಲವರಿಗೆ ಇರುವ ಅನುಕೂಲ

ಅಕ್ಕನಿಗೆ ಒಂದು ಭಯ ಇತ್ತು. ಅವಳು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಅಲ್ಲಿ ಫ್ರೆಂಚನ್ನಾಗಲಿ ಸ್ಪ್ಯಾನಿಷನ್ನಾಗಲಿ ಇಂಗ್ಲಿಷ್ ಮೂಲಕ ಕಲಿಸುತ್ತಾರೆ. "ಇಂಗ್ಲಿಷೇ ತೊದಲುವಾಗ ಇನ್ನೊಂದು ಹೇಗೆ ಕಲೀಲಿ?" ಅಂತ ಅವಳ ಚಿಂತೆ. ಆದರೆ ನಾವಿಬ್ಬರೂ ಕೂತು ನೋಡಿದಾಗ ಕನ್ನಡ ಗೊತ್ತಿರುವುದೇ ಎಷ್ಟೋ ಕಡೆ ಸಹಾಯಕ್ಕೆ ಬಂತು. ಇದನ್ನು ದಯವಿಟ್ಟು ಗಮನವಿಟ್ಟು ಓದಿ.

(ಅ) ನೀನು, ನೀವು: ಇಂಗ್ಲಿಷಿನಲ್ಲಿ ಎಲ್ಲರಿಗೂ "ಯೂ" ಒಂದೇ. ಫ್ರೆಂಚಿನಲ್ಲಿ ಗೆಳೆಯರಿಗೆ "ತ್ಯು", ದೊಡ್ಡವರಿಗೆ "ವೂ". ಸ್ಪ್ಯಾನಿಷಿನಲ್ಲಿ "ತೂ" ಮತ್ತು "ಉಸ್ತೆದ್". ಮೇಷ್ಟ್ರಿಗೆ ನೀನು ಅನ್ನಬಾರದು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಫ್ರೆಂಚಿನ "ವೂ" ನಮ್ಮ "ನೀವು" ಇದ್ದ ಹಾಗೇ, ಬಹುವಚನಕ್ಕೂ ಅದೇ, ಮರ್ಯಾದೆಗೂ ಅದೇ.

(ಆ) ಕ್ರಿಯಾಪದದ ಕೊನೆ: ನಾವು "ಬರ್ತೀನಿ" ಅಂದರೆ ಸಾಕು, "ನಾನು" ಅನ್ನದಿದ್ದರೂ ಯಾರು ಅಂತ ತಿಳಿಯುತ್ತದೆ. ಸ್ಪ್ಯಾನಿಷ್ ಕೂಡ ಹೀಗೇ. "ಆಬ್ಲೊ" ಅಂದರೆ ಮಾತಾಡ್ತೀನಿ, "ಆಬ್ಲಾಸ್" ಅಂದರೆ ಮಾತಾಡ್ತೀಯ, "ಆಬ್ಲಾಮೊಸ್" ಅಂದರೆ ಮಾತಾಡ್ತೀವಿ. ಫ್ರೆಂಚಿನಲ್ಲಿ ನಾನು, ನೀನು, ಅವನು, ಅವರು ಎಲ್ಲಕ್ಕೂ ಕಿವಿಗೆ "ಪಾರ್ಲ್" ಅಂತಲೇ ಕೇಳುತ್ತದೆ. ಆದ್ದರಿಂದ ನಾನು, ನೀನು ಅನ್ನುವುದನ್ನು ಬಿಡುವ ಹಾಗಿಲ್ಲ.

(ಇ) ತ ಮತ್ತು ದ: ಇಂಗ್ಲಿಷಿನ ಟಕಾರ ಡಕಾರ ಬೇರೆ. ಈ ಎರಡು ಭಾಷೆಗಳಲ್ಲಿ ನಾಲಿಗೆ ಹಲ್ಲಿಗೆ ತಾಗುವ ನಮ್ಮ ತ, ದ ಇವೆ.

(ಈ) ಞ ಅಕ್ಷರ: ಒಂದನೇ ತರಗತಿಯಿಂದ ಚ ಛ ಜ ಝ ಞ ಅಂತ ಹೇಳುತ್ತೇವೆ. ಆದರೆ ಕನ್ನಡದಲ್ಲಿ ಞ ಒಂಟಿಯಾಗಿ ಬರುವ ಪದ ಸಿಗುವುದೇ ಕಷ್ಟ. ಸ್ಪ್ಯಾನಿಷಿನಲ್ಲಿ ಅದಕ್ಕೆ ಬಹಳ ಕೆಲಸ! ಎನ್ ಅಕ್ಷರದ ಮೇಲೆ ಅಲೆಯಂತೆ ಒಂದು ಗೆರೆ ಎಳೆದರೆ ಅದೇ ಞ. "ಮಞಾನಾ" ಅಂದರೆ ನಾಳೆ. ಫ್ರೆಂಚಿನಲ್ಲೂ ಈ ಶಬ್ದ ಇದೆ. "ಮೊಂತಾಞ್" ಅಂದರೆ ಬೆಟ್ಟ.

(ಉ) ಕಷ್ಟ ಇರುವುದು ಲಿಂಗದಲ್ಲಿ: ಕನ್ನಡದಲ್ಲಿ ಮೇಜು, ಮನೆ, ಪುಸ್ತಕ ಎಲ್ಲ ನಪುಂಸಕ ಲಿಂಗ. ಈ ಎರಡು ಭಾಷೆಗಳಲ್ಲಿ ವಸ್ತುಗಳೂ ಗಂಡು ಅಥವಾ ಹೆಣ್ಣು ಆಗಲೇಬೇಕು. ಮೇಜು ಎರಡರಲ್ಲೂ ಸ್ತ್ರೀಲಿಂಗ! ಹಿಂದಿ ಪಾಠದಲ್ಲಿ ರೋಟಿ ಸ್ತ್ರೀಲಿಂಗ, ಚಾವಲ್ ಪುಲ್ಲಿಂಗ ಅಂತ ನಾವು ಒದ್ದಾಡುವುದಿಲ್ಲವೇ, ಹಾಗೇ. ಸ್ಪ್ಯಾನಿಷಿನಲ್ಲಿ ಒಂದು ಗುಟ್ಟು ಇದೆ. "ಒ" ಎಂದು ಮುಗಿದರೆ ಸಾಮಾನ್ಯವಾಗಿ ಪುಲ್ಲಿಂಗ, "ಆ" ಎಂದು ಮುಗಿದರೆ ಸ್ತ್ರೀಲಿಂಗ. ಪುಸ್ತಕ "ಲೀಬ್ರೊ" ಗಂಡು, ಮನೆ "ಕಾಸಾ" ಹೆಣ್ಣು. ಕೆಲವು ತಪ್ಪಿಸಿಕೊಳ್ಳುತ್ತವೆ, ಕೈ ಅನ್ನುವ "ಮಾನೊ" ಸ್ತ್ರೀಲಿಂಗ. ಫ್ರೆಂಚಿನಲ್ಲಿ ಇಂತಹ ಸುಲಭದ ಗುರುತು ಕಡಿಮೆ, ಪದದ ಜೊತೆಗೇ ಲಿಂಗವನ್ನೂ ಬಾಯಿಪಾಠ ಮಾಡಬೇಕು.

ಅಕ್ಕ ಈಗ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆದಿದ್ದಾಳೆ: ಹೊಸ ಭಾಷೆ, ಇಂಗ್ಲಿಷ್, ಕನ್ನಡ. ಎಷ್ಟೋ ವಿಷಯ ಮಧ್ಯದ ಕಾಲಂ ದಾಟಿ ನೇರವಾಗಿ ಕನ್ನಡಕ್ಕೆ ಬರುತ್ತವೆ. ಆದ್ದರಿಂದ ಕನ್ನಡ ಶಾಲೆಯವರು ಹಿಂದೆ ಬೀಳ್ತೀವಿ ಅಂತ ಯಾರೂ ಹೆದರಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ.

5. ನಮ್ಮ ಸೀಮೆಯಲ್ಲಿ ಫ್ರೆಂಚರು

ನಮ್ಮ ತಾಲ್ಲೂಕು ಕೇಂದ್ರ ಪಾಂಡವಪುರ. ಅದರ ಹಳೆಯ ಹೆಸರು ಹಿರೋಡೆ. ಬ್ರಿಟಿಷರ ಕಾಲದ ಕಾಗದಗಳಲ್ಲಿ, ಭೂಪಟಗಳಲ್ಲಿ ಇದರ ಹೆಸರು "ಫ್ರೆಂಚ್ ರಾಕ್ಸ್" ಅಂತ ಇದೆ. ಅಂದರೆ ಫ್ರೆಂಚರ ಬಂಡೆಗಳು. ಹೈದರಾಲಿ, ಟಿಪ್ಪು ಸುಲ್ತಾನರ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಇಲ್ಲಿ ಬೀಡು ಬಿಟ್ಟಿದ್ದರಿಂದ ಆ ಹೆಸರು ಬಂತು. ನಾವು ಕುಂತಿಬೆಟ್ಟಕ್ಕೆ ಪ್ರವಾಸ ಹೋಗಿದ್ದು ನೆನಪಿದೆಯಲ್ಲ, ಆ ಕಲ್ಲುಗಳ ಸುತ್ತಮುತ್ತ ಒಂದು ಕಾಲಕ್ಕೆ ಫ್ರೆಂಚ್ ಮಾತು ಕೇಳಿಸುತ್ತಿತ್ತು!

ಬ್ರಿಟಿಷರ ವಿರುದ್ಧ ಸಹಾಯ ಕೇಳಲು ಟಿಪ್ಪು 1787ರಲ್ಲಿ ಮೂವರು ರಾಯಭಾರಿಗಳನ್ನು ಪಾಂಡಿಚೇರಿಯಿಂದ ಹಡಗಿನಲ್ಲಿ ಫ್ರಾನ್ಸ್ ದೇಶಕ್ಕೆ ಕಳಿಸಿದ. 1788ರ ಆಗಸ್ಟ್‌ನಲ್ಲಿ ಅವರು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೇ ಲೂಯಿ ರಾಜನನ್ನು ಕಂಡರು. ಕೇಳಿದ ಸೈನ್ಯ ಸಿಗಲಿಲ್ಲ. ಮರುವರ್ಷ 1789ರಲ್ಲಿ ಆ ರಾಜನ ವಿರುದ್ಧವೇ ಫ್ರೆಂಚ್ ಕ್ರಾಂತಿ ಆಯಿತು.

ಪಾಂಡಿಚೇರಿಯಲ್ಲಿ ಫ್ರೆಂಚರ ಆಡಳಿತ 1954ರ ನವೆಂಬರ್ 1ರವರೆಗೂ ಇತ್ತು. ಅಂದರೆ ನಮಗೆ ಸ್ವಾತಂತ್ರ್ಯ ಬಂದು ಏಳು ವರ್ಷದ ಮೇಲೆ ಅವರು ಬಿಟ್ಟುಹೋದರು. ಈಗಲೂ ಅಲ್ಲಿನ ಬೀದಿಗಳ ಹೆಸರುಫಲಕದಲ್ಲಿ ಫ್ರೆಂಚ್ ಕಾಣಬಹುದು.

ಇನ್ನೊಂದು ವಿಷಯ. ಹೋಟೆಲು, ಗ್ಯಾರೇಜು, ಪೊಲೀಸು, ಮೆನು ಇವೆಲ್ಲ ಫ್ರೆಂಚಿನಿಂದ ಇಂಗ್ಲಿಷಿಗೆ ಹೋಗಿ ಅಲ್ಲಿಂದ ನಮಗೆ ಬಂದ ಪದಗಳು. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯವರು ಇಂಗ್ಲೆಂಡನ್ನು ಗೆದ್ದ ಮೇಲೆ ಇಂಗ್ಲಿಷಿಗೆ ಫ್ರೆಂಚ್ ಪದಗಳು ರಾಶಿರಾಶಿ ಬಂದು ಸೇರಿದವು. ಆದ್ದರಿಂದ ಫ್ರೆಂಚ್ ಕಲಿತರೆ ಇಂಗ್ಲಿಷ್ ಪದಗಳೂ ಗಟ್ಟಿಯಾಗುತ್ತವೆ.

6. ನಮ್ಮ ಹೊಲದಲ್ಲಿ ಸ್ಪ್ಯಾನಿಷ್

ಸ್ಪ್ಯಾನಿಷ್ ಏನು ಕಡಿಮೆಯಲ್ಲ. ಟೊಮೆಟೊ, ಮೆಣಸಿನಕಾಯಿ, ಆಲೂಗಡ್ಡೆ, ಕಡಲೆಕಾಯಿ, ಮುಸುಕಿನ ಜೋಳ, ಸೀಬೆ ಇವೆಲ್ಲ ಮೊದಲು ಅಮೆರಿಕಾ ಖಂಡದಲ್ಲಿ ಮಾತ್ರ ಬೆಳೆಯುತ್ತಿದ್ದವು. ಸ್ಪೇನ್ ಮತ್ತು ಪೋರ್ಚುಗಲ್ ಹಡಗುಗಳು ಹೋಗಿಬಂದ ಮೇಲೆ ಪ್ರಪಂಚಕ್ಕೆಲ್ಲ ಹರಡಿದವು. ಟೊಮೆಟೊ, ಚಾಕೊಲೇಟ್ ಅನ್ನುವ ಹೆಸರುಗಳು ಮೆಕ್ಸಿಕೊದ ಮೂಲ ಜನರ ನಾವಾಟಲ್ ಭಾಷೆಯವು, ಸ್ಪ್ಯಾನಿಷ್ ಮೂಲಕ ನಮ್ಮವರೆಗೆ ಬಂದಿವೆ.

ಮಳೆ ಬಾರದ ವರ್ಷ ರೇಡಿಯೋದಲ್ಲಿ "ಎಲ್ ನಿನೊ" ಅಂತ ಹೇಳುವುದನ್ನು ಕೇಳಿದ್ದೀರಿ. ಅದು ಸ್ಪ್ಯಾನಿಷ್ ಪದ, ಸರಿಯಾದ ಉಚ್ಚಾರ "ಎಲ್ ನೀಞೊ" (ಇಲ್ಲೂ ಞ ಬಂತು ನೋಡಿ!). ಅರ್ಥ "ಆ ಗಂಡು ಮಗು". ಪೆರು ದೇಶದ ಮೀನುಗಾರರು ಕೆಲವು ವರ್ಷ ಕ್ರಿಸ್‌ಮಸ್ ಹೊತ್ತಿಗೆ ಸಮುದ್ರದ ನೀರು ಬಿಸಿಯಾಗುವುದನ್ನು ಕಂಡು ಬಾಲಯೇಸುವಿನ ಹೆಸರಿನಲ್ಲಿ ಹೀಗೆ ಕರೆದರು. ಶಾಂತ ಸಾಗರದ ನೀರು ಬಿಸಿಯಾದಾಗ ಬಹಳ ಸಲ ನಮ್ಮ ಮುಂಗಾರು ದುರ್ಬಲವಾಗುತ್ತದೆ. 2023ರಲ್ಲಿ ಎಲ್ ನಿನೊ ಇತ್ತು. ಆ ವರ್ಷ ನಮ್ಮ ರಾಜ್ಯದ ಹೆಚ್ಚಿನ ತಾಲ್ಲೂಕುಗಳನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು.

ಪಕ್ಕದ ಆಂಧ್ರದ ಅನಂತಪುರದಲ್ಲಿ ಸ್ಪೇನಿನ ವಿಸೆಂತೆ ಫೆರೆರ್ ಎಂಬುವವರು 1969ರಿಂದ ಬಡವರಿಗಾಗಿ ಕೆಲಸ ಮಾಡಿ 2009ರಲ್ಲಿ ಅಲ್ಲೇ ತೀರಿಕೊಂಡರು. ಅವರ ಸಂಸ್ಥೆ ಶಾಲೆ, ಆಸ್ಪತ್ರೆ ಕಟ್ಟಿಸಿದೆ. ಹಳ್ಳಿಯ ಯುವಕ ಯುವತಿಯರಿಗೆ ವಿದೇಶಿ ಭಾಷೆಗಳನ್ನು ಕಲಿಸುವ ಶಾಲೆಯನ್ನೂ ನಡೆಸಿದೆ. ನಮ್ಮಂತಹ ಬಯಲುಸೀಮೆಯ ಹಳ್ಳಿಯವರು ಸ್ಪ್ಯಾನಿಷ್ ಕಲಿತಿದ್ದಾರೆ ಅಂದ ಮೇಲೆ ನಮಗೂ ಆಗುತ್ತದೆ.

7. ಹಾಗಾದರೆ ಆರಿಸುವುದು ಹೇಗೆ?

ಬೆಂಗಳೂರಿನ ಕಂಪನಿಯಲ್ಲಿರುವ ದೊಡ್ಡಪ್ಪನ ಮಗ ಅಣ್ಣ "ಸ್ಪ್ಯಾನಿಷ್ ತಗೋ, ಆಡೋರು ಜಾಸ್ತಿ, ಬೇಗ ಬರುತ್ತೆ" ಅಂದ. ಕಾಲೇಜಿನ ಮೇಡಂ "ಫ್ರೆಂಚ್ ತೆಗೆದುಕೊಂಡರೆ ಮುಂದಿನ ವರ್ಷ ಡಿಪ್ಲೊಮಾ ಕೂಡ ಇಲ್ಲೇ ಮಾಡಬಹುದು, ಸ್ಪ್ಯಾನಿಷ್ ಒಂದು ವರ್ಷಕ್ಕೇ ನಿಲ್ಲುತ್ತದೆ" ಅಂದರು. ಅವ್ವ "ಯಾವುದಾದರೂ ಸರಿ, ಸಂಜೆ ಬಸ್ಸಿಗೆ ಸರಿಯಾಗಿ ಬಂದರೆ ಸಾಕು" ಅಂದಳು. ಎಲ್ಲರ ಮಾತೂ ಸರಿಯೇ. ಆಗ ಅಕ್ಕ ತನಗೆ ತಾನೇ ನಾಲ್ಕು ಪ್ರಶ್ನೆ ಬರೆದುಕೊಂಡಳು.

ಒಂದು, ನಾನು ಯಾರ ಜೊತೆ ಮಾತಾಡಬೇಕು? ಅಕ್ಕನಿಗೆ ಪ್ರವಾಸಿ ಮಾರ್ಗದರ್ಶಿ ಆಗಬೇಕೆಂಬ ಆಸೆ. ಅವಳು ಎರಡು ಭಾನುವಾರ ಶ್ರೀರಂಗಪಟ್ಟಣಕ್ಕೆ ಹೋಗಿ ದರಿಯಾ ದೌಲತ್, ಗುಂಬಜ್ ಹತ್ತಿರ ಗೈಡುಗಳನ್ನು ವಿಚಾರಿಸಿದಳು. ತಾವು ನೋಡಿದಂತೆ ಸ್ಪ್ಯಾನಿಷಿಗಿಂತ ಫ್ರೆಂಚ್ ಆಡುವವರು ಹೆಚ್ಚು ಬರುತ್ತಾರೆ, ಫ್ರೆಂಚ್ ಬಲ್ಲ ಗೈಡು ಸಿಗುವುದೇ ಕಡಿಮೆ ಅಂತ ಅವರು ಹೇಳಿದರು.

ಎರಡು, ಒಂದು ವರ್ಷ ಆದ ಮೇಲೆ ಎಲ್ಲಿ ಮುಂದುವರಿಸಲಿ? ಒಂದು ವರ್ಷಕ್ಕೆ ಯಾವ ಭಾಷೆಯೂ ಪೂರ್ತಿ ಬರುವುದಿಲ್ಲ. ಈ ಭಾಷೆಗಳಲ್ಲಿ ಎ1, ಎ2, ಬಿ1, ಬಿ2, ಸಿ1, ಸಿ2 ಎಂದು ಆರು ಮೆಟ್ಟಿಲು ಇವೆ. ಫ್ರೆಂಚಿಗೆ ಬಿ2 ವರೆಗೆ ಡೆಲ್ಫ್, ಅದರ ಮೇಲೆ ಡಾಲ್ಫ್ ಎಂಬ ಪರೀಕ್ಷೆ, ಸ್ಪ್ಯಾನಿಷಿಗೆ ಡೆಲೆ ಎಂಬ ಪರೀಕ್ಷೆ. ಪಾಸಾದರೆ ಆ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ. ಫ್ರೆಂಚ್ ಕಲಿಸುವ ಆಲಿಯಾನ್ಸ್ ಫ್ರಾನ್ಸೇಸ್ ಬೆಂಗಳೂರಿನಲ್ಲೇ ಇದೆ. ಸ್ಪೇನ್ ಸರ್ಕಾರದ ಸೆರ್ವಾಂತೆಸ್ ಸಂಸ್ಥೆ ದೆಹಲಿಯಲ್ಲಿದೆ.

ಮೂರು, ಜೊತೆಯವರು ಎಲ್ಲಿಂದ ಶುರು ಮಾಡುತ್ತಾರೆ? ನಮ್ಮ ರಾಜ್ಯದಲ್ಲಿ ಪಿ.ಯು.ಸಿ.ಗೆ ಫ್ರೆಂಚ್ ತೆಗೆದುಕೊಳ್ಳಲು ಅವಕಾಶ ಇದೆ. ಹೀಗಾಗಿ ಫ್ರೆಂಚ್ ತರಗತಿಯಲ್ಲಿ ಮೊದಲೇ ಕಲಿತವರು ಕೆಲವರು ಇರುತ್ತಾರೆ. ಸ್ಪ್ಯಾನಿಷ್ ತರಗತಿಯಲ್ಲಿ ಹೆಚ್ಚಿನವರು ಸೊನ್ನೆಯಿಂದಲೇ ಶುರು. ಇದರಲ್ಲಿ ಸ್ಪ್ಯಾನಿಷ್ ಮೇಲು.

ನಾಲ್ಕು, ದಿನಾ ಅಭ್ಯಾಸ ಮಾಡುವಷ್ಟು ಇಷ್ಟ ಇದೆಯಾ? ಇಷ್ಟ ಇಲ್ಲದೆ ಕಲಿತದ್ದು ಪರೀಕ್ಷೆ ಮುಗಿದ ಮಾರನೇ ದಿನ ಮರೆತು ಹೋಗುತ್ತದೆ.

ನಾಲ್ಕನ್ನೂ ತೂಗಿ ನೋಡಿ ಅಕ್ಕ ಫ್ರೆಂಚ್ ಆರಿಸಿದಳು. "ಕಷ್ಟ ಅಂತ ಗೊತ್ತು. ಆದರೆ ನನ್ನ ಕೆಲಸ ಇರೋದು ಶ್ರೀರಂಗಪಟ್ಟಣದಲ್ಲಿ, ಮೆಕ್ಸಿಕೊದಲ್ಲಿ ಅಲ್ಲ" ಅಂದಳು. ಅಪ್ಪ ಸೋಮವಾರ ಫೀಸು ಕಟ್ಟಿ ರಸೀದಿ ತಂದರು. ಅವಳ ಗೆಳತಿ ಒಬ್ಬಳು ಬೆಂಗಳೂರಿನ ಕಂಪನಿ ಕೆಲಸಕ್ಕೆ ಹೋಗಬೇಕೆಂದು ಸ್ಪ್ಯಾನಿಷ್ ಆರಿಸಿದ್ದಾಳೆ. ಅದೂ ಸರಿಯೇ. ಭಾಷೆಯಲ್ಲಿ ಮೇಲು ಕೀಳು ಇಲ್ಲ, ಅವರವರ ದಾರಿಗೆ ತಕ್ಕ ಭಾಷೆ ಇದೆ. ನನ್ನನ್ನು ಕೇಳಿದರೆ ನನಗೆ ಸ್ಪ್ಯಾನಿಷ್ಷೇ ಇಷ್ಟ. ಈಗಾಗಲೇ ಹತ್ತರವರೆಗೆ ಎಣಿಸಲು ಕಲಿತಿದ್ದೇನೆ.

ಗೆಳೆಯ ಗೆಳತಿಯರೇ, ನಮ್ಮ ಶಾಲೆಯಲ್ಲಿ ಏಳನೇ ತರಗತಿಯೇ ಕೊನೆ. ಮುಂದಿನ ವರ್ಷ ನಾವೆಲ್ಲ ಹೈಸ್ಕೂಲಿಗೆ ಹೋಗುತ್ತೇವೆ. ಕೆಲವು ಶಾಲೆಗಳಲ್ಲಿ ಪ್ರಥಮ ಭಾಷೆ ಕನ್ನಡವೋ ಸಂಸ್ಕೃತವೋ ಅಂತ ಕೇಳುತ್ತಾರೆ. ಆಗ "ಅವನು ತಗೊಂಡ, ನಾನೂ ತಗೊಂಡೆ" ಅನ್ನದೆ ಈ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಿ. ದೇಶ ಸುತ್ತು, ಕೋಶ ಓದು ಅಂತ ಗಾದೆ ಇದೆ. ದೇಶ ಸುತ್ತಲು ನಮ್ಮ ಹತ್ತಿರ ಈಗ ದುಡ್ಡಿಲ್ಲ, ಕೋಶ ಓದಲು ಶಾಲೆಯ ಗ್ರಂಥಾಲಯ ಇದೆ.

ನಿಮಗೊಂದು ಅಭ್ಯಾಸ (ಹತ್ತರವರೆಗೆ ಎಣಿಸಿ)

ಫ್ರೆಂಚ್: ಅಂ, ದ್ಯೂ, ತ್ರ್ವಾ, ಕಾತ್ರ್, ಸ್ಯಾಂಕ್, ಸೀಸ್, ಸೆತ್, ಉಯಿತ್, ನಫ್, ದೀಸ್
ಸ್ಪ್ಯಾನಿಷ್: ಊನೊ, ದೋಸ್, ತ್ರೇಸ್, ಕ್ವಾತ್ರೊ, ಸಿಂಕೊ, ಸೇಯ್ಸ್, ಸಿಯೇತೆ, ಓಚೊ, ನುಯೇವೆ, ದಿಯೇಸ್

ಯೋಚಿಸಿ ಉತ್ತರಿಸಿ

1. ಫ್ರೆಂಚಿನಲ್ಲಿ 91 ಅನ್ನು ಹೇಗೆ ಹೇಳಬಹುದು? ಕನ್ನಡದಲ್ಲೇ ಬರೆಯಿರಿ.
2. ಸಂಸ್ಕೃತದ ನವ, ದಶ ಪದಗಳನ್ನು ಹೋಲುವ ಪದಗಳು ಮೇಲಿನ ಎಣಿಕೆಯಲ್ಲಿ ಯಾವುವು?
3. ನಿಮ್ಮ ಮನೆಯ ಅಡುಗೆಮನೆಯಲ್ಲಿರುವ, ಅಮೆರಿಕಾ ಖಂಡದಿಂದ ಬಂದ ಮೂರು ತರಕಾರಿ ಯಾವುವು?

ಉತ್ತರಗಳನ್ನು ಚೀಟಿಯಲ್ಲಿ ಬರೆದು ತರಗತಿಯ ಡಬ್ಬಿಗೆ ಹಾಕಿ. ಸರಿಯುತ್ತರ ಮುಂದಿನ ಸಂಚಿಕೆಯಲ್ಲಿ.



– 7ನೇ ತರಗತಿಯ ವಿದ್ಯಾರ್ಥಿನಿ